ಎಷ್ಟು ಕಟ್ಟಿ ಬಿಡಿಸಿಕೊಂಡರಂತೆ?

ಮ್ಯಾನ್ಮಾರ್‌ನಿಂದ ತಪ್ಪಿಸಿಕೊಂಡು ಬಂದ ಹುಡುಗರ ವಿಷಯ ಎತ್ತಿದರೆ ಸಾಕು, ನಮ್ಮ ಬಾಳ್ಳುಪೇಟೆಯ ಹೋಟೆಲಿನಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ಬೆನ್ನಿಗೇ ಬರುವ ಮಾತು: ‘ದುಡ್ಡಿನ ಆಸೆಗೆ ಬಿದ್ದು ಹೋದ್ರು, ಅನುಭವಿಸ್ಲಿ ಬಿಡಿ.’ ಈ ವಾರ ಹಾಗೆಂದವರು ನನಗಿಂತ ಹಿರಿಯರು, ತೋಟವಿರುವವರು. ಕೂರಲಾಗದೆ ಎದ್ದು ಬಂದೆ.

ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ನಂಬಿಸಿ ಏಜೆಂಟರು ಟಿಕೆಟ್ ಕೊಡುತ್ತಾರೆ. ಇಳಿದವರನ್ನು ಕಾರಿನಲ್ಲಿ ಗಡಿಯ ಮೇ ಸಾಟ್‌ಗೆ ಒಯ್ದು, ಮೋಯಿ ನದಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿಗೆ ಸಾಗಿಸುತ್ತಾರೆ. ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನಿನಲ್ಲಿ ಜನರಿಗೆ ಟೋಪಿ ಹಾಕುವ ಕೆಲಸಕ್ಕೆ ಕೂರಿಸುತ್ತಾರೆ. ಒಲ್ಲೆನೆಂದರೆ ಏಟು, ಕರೆಂಟ್ ಶಾಕ್. ಊರಿಗೆ ಹೋಗಬೇಕೆಂದರೆ ಲಕ್ಷಗಟ್ಟಲೆ ಕಟ್ಟಬೇಕು. ಹಣಕ್ಕಾಗಿ ಮಾಡಿದ ಅಪಹರಣವಲ್ಲದೆ ಇದು ಮತ್ತೇನು? 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಎರಡೇ ದಿನದಲ್ಲಿ ಹೀಗೆ ಸಿಕ್ಕಿಬಿದ್ದಿದ್ದ 549 ಮಂದಿಯನ್ನು ಕರೆತಂದವು. ಕರ್ನಾಟಕದ ಮಕ್ಕಳೂ ಈ ಜಾಲಕ್ಕೆ ಸಿಕ್ಕಿದ್ದಾರೆ.

ಹೊರದೇಶದಲ್ಲಿ ಸಿಕ್ಕಿಬಿದ್ದವರು ಇವರೇ ಮೊದಲಲ್ಲ. 2015ರ ಜುಲೈನಲ್ಲಿ ಲಿಬಿಯಾದ ಸಿರ್ತ್ ಹತ್ತಿರ ನಾಲ್ವರು ಭಾರತೀಯರ ಅಪಹರಣವಾಗಿತ್ತು. ಅವರಲ್ಲಿ ಕರ್ನಾಟಕದ ಇಬ್ಬರು ವಿಶ್ವವಿದ್ಯಾಲಯದ ಅಧ್ಯಾಪಕರು. ಎರಡು ದಿನಕ್ಕೆ ಬಿಡುಗಡೆಯಾದರು. ಉಳಿದಿಬ್ಬರು ಹೊರಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಆ ನಾಲ್ವರೂ ಸಂಬಳಕ್ಕೇ ಹೋದವರು. ಆಗ ಯಾರೂ ದುರಾಸೆ ಎಂದದ್ದು ನನಗೆ ನೆನಪಿಲ್ಲ. ಪಿಯುಸಿ ಓದಿದ ಹುಡುಗ ಸಿಕ್ಕಿಬಿದ್ದರೆ ಮಾತ್ರ ನಮಗೆ ನೀತಿಪಾಠ ನೆನಪಾಗುತ್ತದೆ.

ನನ್ನ ಹಳೆಯ ಸಿಟ್ಟು ಈ ಏಜೆಂಟರ ಮೇಲೆ. ಕಳೆದ ಕಾಫಿ ಕುಯ್ಲಿನಲ್ಲಿ, ಪಕ್ಕದ ತೋಟಕ್ಕೆ ಅಸ್ಸಾಮಿನ ಕಾರ್ಮಿಕರನ್ನು ತಂದ ಮೇಸ್ತ್ರಿಯ ಅಂಗಿ ಜೇಬಿನಲ್ಲಿ ಆಧಾರ್ ಕಾರ್ಡುಗಳ ಕಟ್ಟು ಕಂಡಿತು, ಮೇಲೆ ರಬ್ಬರ್ ಬ್ಯಾಂಡ್. ‘ಅವರ ಕಾರ್ಡು ನಿನ್ನತ್ರ ಯಾಕಯ್ಯ?’ ಎಂದೆ. ‘ಅಡ್ವಾನ್ಸ್ ತೀರೋಗಂಟ ಇರ್ಲಿ ಸಾರ್, ಇಲ್ದಿದ್ರೆ ಓಡೋಗ್ತಾರೆ’ ಎಂದ. ಜಗಳವಾಡಿ ವಾಪಸ್ ಕೊಡಿಸಿದೆ. ತೋಟದವರು ನನ್ನೊಡನೆ ಮಾತು ಬಿಟ್ಟರು. ಬಿಡಲಿ. ಇಲ್ಲಿ ಆಧಾರ್ ಕಿತ್ತಿಟ್ಟುಕೊಳ್ಳುವುದು ಸರಿಯೆಂದರೆ ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡವನನ್ನು ಯಾವ ಬಾಯಲ್ಲಿ ಬೈಯುವುದು?

ಕಾನೂನಿಲ್ಲವೆಂದಲ್ಲ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಿ ಕೆಲಸಕ್ಕೆ ಆಳು ಕಳಿಸುವವನು ನೋಂದಣಿ ಮಾಡಿಸಿರಬೇಕು. 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಅವನ ನೋಂದಣಿ ನಿಜವೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಆದರೆ ದೂರು ಕೊಡುವವರು ಯಾರು? ಮರಳಿ ಬಂದವನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಊರೆಲ್ಲ ಆಡಿಕೊಳ್ಳುತ್ತದೆ, ತಂಗಿಯ ಮದುವೆ ಮಾತುಕತೆ ನಿಲ್ಲುತ್ತದೆ, ಸಾಲ ಕೊಟ್ಟವರು ಅಂಗಳಕ್ಕೆ ಬರುತ್ತಾರೆ. ಅವನ ಬಾಯಿ ಕಟ್ಟಿದ್ದು ನಮ್ಮ ಚುಚ್ಚುಮಾತು. ಏಜೆಂಟ್ ಅಷ್ಟರಲ್ಲಿ ಮುಂದಿನ ಹುಡುಗನ ಟಿಕೆಟ್ ಮಾಡಿಸಿರುತ್ತಾನೆ.

ಅಂಥವನ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಊಟ ಮುಗಿಸಿ ಬಂದವರು, ಏಟು ತಿಂದು ಬಂದ ಹುಡುಗನಿಗೆ ಬುದ್ಧಿ ಹೇಳುತ್ತಿದ್ದಾರೆ. ಕಳಿಸಿದವನ ಹೆಸರು ಗೊತ್ತಿದ್ದರೆ ಠಾಣೆಗೆ ಹೋಗಿ ಬರೆಸಿ. ಅಷ್ಟು ಧೈರ್ಯವಿಲ್ಲದಿದ್ದರೆ ಆ ಹುಡುಗನ ತಂಟೆಗೆ ಹೋಗಬೇಡಿ.