ಬ್ರೇಕ್ ಡ್ರಮ್ ಏಕೆ ಕಾಯುತ್ತದೆ?

ಘಾಟಿ ಇಳಿದು ಬಂದ ಲಾರಿಯ ಚಕ್ರದ ಬಳಿ ಸುಟ್ಟ ವಾಸನೆ ಬರುವುದನ್ನು ಗಮನಿಸಿದ್ದೀರಾ? ಗಂಟೆಗೆ 60 ಕಿ.ಮೀ. ವೇಗದಲ್ಲಿರುವ 16 ಟನ್ ತೂಕದ ಲಾರಿಯನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖ ಸುಮಾರು ಆರೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಅದರ ಬಹುಪಾಲನ್ನು ನುಂಗುವುದು ಬ್ರೇಕ್ ಡ್ರಮ್.

ಡ್ರಮ್ಮನ್ನು ಸಾಮಾನ್ಯವಾಗಿ ಎರಕದ ಕಬ್ಬಿಣದಿಂದ ಮಾಡುತ್ತಾರೆ. ಅದರೊಳಗಿನ ಗ್ರಾಫೈಟ್ ಚಕ್ಕೆಗಳು ಶಾಖವನ್ನು ಬೇಗ ಹರಡುತ್ತವೆ, ಕಂಪನವನ್ನೂ ತಗ್ಗಿಸುತ್ತವೆ. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿದಂದಿನಿಂದ ಈ ಸೀಮೆಗೆ ಕಬ್ಬಿಣದ ಎರಕ ಹೊಸತೇನಲ್ಲ. ಶಿವಮೊಗ್ಗದ ದಾರಿಯ ಮಾಚೇನಹಳ್ಳಿಯಲ್ಲಿ ಇಂದಿಗೂ ಫೌಂಡ್ರಿಗಳಿವೆ.

ಸವೆದ ಡ್ರಮ್ಮನ್ನು ಲೇತಿಗೆ ಹಾಕಿ ಒಳಮೈ ಹೆರೆಸಿ ಹಣ ಉಳಿಸುವವರುಂಟು. ಹೆರೆದಷ್ಟೂ ಡ್ರಮ್ ತೆಳುವಾಗುತ್ತದೆ, ಬೇಗ ಕಾಯುತ್ತದೆ. ಕಾದರೆ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಇಳಿಜಾರಿನಲ್ಲಿ ಎಷ್ಟು ತುಳಿದರೂ ಬ್ರೇಕ್ ಹಿಡಿಯದಿರುವುದಕ್ಕೆ ಇದೂ ಒಂದು ಕಾರಣ. ತಯಾರಕರು ಹೇಳಿದ ಗರಿಷ್ಠ ಒಳವ್ಯಾಸ ದಾಟಿದ ಮೇಲೆ ಹೊಸದೇ ಗತಿ. ಅದನ್ನೂ ಆ್ಯಕ್ಸಲಿನ ಎರಡೂ ಬದಿಗೆ ಹಾಕಬೇಕು. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ಲಾರಿ ಪಕ್ಕಕ್ಕೆಳೆಯುತ್ತದೆ. ಡ್ರಮ್ಮಿನ ಒಳಗೆ ಹಚ್ಚಿರುವ ಎಣ್ಣೆಯನ್ನು ಒರೆಸುವುದನ್ನಂತೂ ಮರೆಯಬಾರದು.

ಚಕ್ರ ಸಮನಾಗಿ ಕೂರಲು ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಶಿವಮೊಗ್ಗದಿಂದ ಭದ್ರಾವತಿಗೆ ಒಂದೆರಡು ಸಲ ಹೋಗಿಬಂದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಿಡಿದು ನೋಡಬೇಕು.