ಪತ್ರಾಸ್ ಶೆಡ್ಡಿಗೆ ಥರ್ಮೋಕೋಲ್ ಹಚ್ಚುವ ಮೊದಲು ನೀರಿನ ದಾರಿ ನೋಡಿ

ಬಸವಕಲ್ಯಾಣ, ಹುಮನಾಬಾದ್ ಭಾಗದ ಹೊಲಗಳಲ್ಲಿ ಈಗ ಎಲ್ಲಿ ನೋಡಿದರೂ ಪತ್ರಾಸ್ ಶೆಡ್ಡು. ಮೇಲೂ ತಗಡು, ಸುತ್ತಲೂ ತಗಡು. ಬಸವಕಲ್ಯಾಣ ಲಾರಿ ಕೆಲಸಕ್ಕೆ ಹೆಸರಾದ ಊರು, ವೆಲ್ಡಿಂಗ್ ಬಲ್ಲವರಿಗೆ ಬರ ಇಲ್ಲ. ನಾಲ್ಕೈದು ದಿನದಲ್ಲಿ ಶೆಡ್ಡು ಎದ್ದು ನಿಲ್ಲುತ್ತದೆ. ಬೀಜದ ಸೋಯಾ, ತೊಗರಿ, ಗೊಬ್ಬರ, ಪಂಪು, ಪೈಪು ಎಲ್ಲಾ ಅದರೊಳಗೇ.

ನಾನೂ ಹಾಗೇ ಕಟ್ಟಿದೆ. ಬೇಸಿಗೆಯಲ್ಲಿ ಒಳಗೆ ಕಾಲಿಡಲು ಆಗಲಿಲ್ಲ. ಯಾರೋ ಹೇಳಿದರೆಂದು ಗೋಡೆಯ ತಗಡಿಗೆ ಒಳಗಿನಿಂದ ಗೋಂದು ಬಳಿದು ಥರ್ಮೋಕೋಲ್ ಅಂಟಿಸಿದೆ. ಮರುವರ್ಷ ಒಂದು ಹಾಳೆ ಕಿತ್ತು ನೋಡಿದರೆ ಹಿಂದೆಲ್ಲಾ ನೀರು, ಬೂಷ್ಟು, ತುಕ್ಕು. ನಡುವೆ ಇಲಿ ಸಂಸಾರ ಹೂಡಿತ್ತು. ಅದೇ ಗೋಡೆಗೆ ಒರಗಿಸಿದ್ದ ಬೀಜದ ಸೋಯಾದಿಂದ 100 ಕಾಳು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಮೊಳೆತದ್ದು 43. ಬೀಜಕ್ಕೆ ಕನಿಷ್ಠ 70 ಬೇಕು. ಆ ಜೂನ್‌ನಲ್ಲಿ ನಾನು ಬೀಜಕ್ಕಾಗಿ ಸಾಲಿನಲ್ಲಿ ನಿಂತೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ನಾವು ಬಿಸಿಲಿಗೆ ಹೆದರಿ ಮೊದಲು ಗೋಡೆಗೆ ಹಣ ಹಾಕುತ್ತೇವೆ. ಮೊದಲು ತಡೆಯಬೇಕಾದದ್ದು ನೀರು. ನೀರಿನ ವ್ಯವಸ್ಥೆ ಮಾಡದೆ ಗೋಡೆ ಮುಚ್ಚಿದರೆ ದುಡ್ಡೂ ಹೋಗುತ್ತದೆ, ಬೀಜವೂ ಹೋಗುತ್ತದೆ.

ನೀರು ಎಲ್ಲಿಂದ ಬರುತ್ತದೆ?

"ಕಾಕಾ, ಮಳಿನೇ ಇಲ್ಲ, ಪತ್ರಾ ಹ್ಯಾಂಗ ಸೋರ್ಲಾಕತ್ತದ?" ಎಂದು ಪಕ್ಕದ ಹೊಲದ ಹುಡುಗ ಕೇಳಿದ್ದ. ಸೋರುವುದಲ್ಲ, ಅದು ಬೆವರುವುದು. ನಮ್ಮದು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಸೀಮೆ. ಮಳೆಗಾಲ ಮುಗಿದ ಮೇಲೆ ಆಕಾಶ ತಿಳಿಯಾದ ರಾತ್ರಿ ತಗಡು ಬೇಗ ತಣ್ಣಗಾಗುತ್ತದೆ, ಸುತ್ತಲಿನ ಗಾಳಿಗಿಂತಲೂ ತಣ್ಣಗೆ. ಒಳಗಿನ ಹಸಿ ಗಾಳಿ ಅದಕ್ಕೆ ತಾಗಿ ಹನಿಯಾಗುತ್ತದೆ. ಗಾಳಿ 25 ಡಿಗ್ರಿ ಇದ್ದು ಆರ್ದ್ರತೆ ಶೇ. 80 ಇದ್ದರೆ, ತಗಡು 21 ಡಿಗ್ರಿಗೆ ಇಳಿದರೂ ಸಾಕು, ಬೆವರುತ್ತದೆ.

ಆ ಹಸಿ ಎಲ್ಲಿಯದು? ಬಹುಪಾಲು ನಮ್ಮ ಮಾಲಿನದೇ. ಶೇ. 14 ತೇವಾಂಶದ ಒಂದು ಕ್ವಿಂಟಲ್ ಸೋಯಾ ಶೇ. 12ಕ್ಕೆ ಇಳಿಯುವಷ್ಟರಲ್ಲಿ ಎರಡು ಲೀಟರಿಗಿಂತ ಹೆಚ್ಚು ನೀರು ಬಿಡುತ್ತದೆ. 50 ಕ್ವಿಂಟಲ್ ಇಟ್ಟರೆ 110 ಲೀಟರಿಗೂ ಮೇಲೆ! ಅದು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ತಗಡಿನ ಮೇಲೇ ಕೂರುತ್ತದೆ.

ಹಾಗಾಗಿ ಖರ್ಚಿಗೆ ಮುಂಚೆ ಪರೀಕ್ಷೆ ಮಾಡಿ:

- ಮಳೆ ಇಲ್ಲದ ಮುಂಜಾನೆ ತಗಡಿನ ತುಂಬಾ ಸಣ್ಣ ಹನಿ ಇದ್ದರೆ ಅದು ಬೆವರು.
- ಮಳೆ ಬಂದಾಗ ಮಾತ್ರ ಸ್ಕ್ರೂ ಕೆಳಗೆ ಗೆರೆಯಾಗಿ ಇಳಿದರೆ ಅದು ಸೋರಿಕೆ.
- ನೆಲ ತಿಳಿಯಲು ಒಂದು ಮೀಟರ್ ಉದ್ದಗಲದ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆಲ್ಲಾ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಹಾಳೆಯ ಕೆಳಗೆ ಒದ್ದೆಯಾದರೆ ತೇವ ನೆಲದ್ದು, ಮೇಲೆ ಒದ್ದೆಯಾದರೆ ಗಾಳಿಯದು.

ಕೆಲಸದ ಸರದಿ

ಮೊದಲು ಬುಡ. ತಗಡಿನ ಅಂಚು ಮಣ್ಣಿಗೆ ತಾಗಲೇಬಾರದು. ನೆಲದಿಂದ ಒಂದೂವರೆ ಅಡಿಯಾದರೂ ಇಟ್ಟಂಗಿ ಅಥವಾ ನಮ್ಮ ಕಡೆ ಸಿಗುವ ಜಂಬಿಟ್ಟಿಗೆ ಕಲ್ಲಿನ ಕಟ್ಟೆ ಕಟ್ಟಿ, ಹೊರಮೈಗೆ ಸಿಮೆಂಟ್ ಗಿಲಾವು ಮಾಡಿ, ಅದರ ಮೇಲೆ ತಗಡು ನಿಲ್ಲಿಸಿ. ತಗಡು ಕಟ್ಟೆಯ ಹೊರಗೆ ಎರಡು ಇಂಚು ಇಳಿದಿರಲಿ, ನೀರು ಒಳಗೆ ಹರಿಯುವುದಿಲ್ಲ. ಹೊಸ ನೆಲವಾದರೆ ಮುರುಮ್ ಬಡಿದು, ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಹಾಕಿ. ಕಪ್ಪು ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ, ಅದು ಮೇಲೇರದಂತೆ ತಡೆಯುವುದು ಈ ಹಾಳೆ.

ಎರಡನೆಯದು ಗಾಳಿ. ಎದುರು ಬದುರು ಗೋಡೆಗಳಲ್ಲಿ ಮೇಲೆ, ಕೆಳಗೆ ಜಾಳಿಗೆ ಹಾಕಿದ ಕಿಂಡಿ ಬಿಡಿ. ಮುಚ್ಚಳ ಇರಲೇಬೇಕು. ಹೊರಗೆ ಒಣ ಹವೆ ಇದ್ದಾಗ ತೆರೆಯಿರಿ, ಮಳೆ ಮಂಜು ಇದ್ದಾಗ ಮುಚ್ಚಿ. ಸದಾ ತೆರೆದಿಟ್ಟ ಕಿಂಡಿ ಶ್ರಾವಣದಲ್ಲಿ ತೇವವನ್ನೇ ಒಳಗೆ ತರುತ್ತದೆ.

ಮೂರನೆಯದು ಬಿಸಿಲು. ತಗಡಿನ ಹೊರಮೈಗೆ, ಮುಖ್ಯವಾಗಿ ಮಾಡಿಗೆ ಮತ್ತು ಪಡುವಣ ಗೋಡೆಗೆ, ಪ್ರೈಮರ್ ಹೊಡೆದು ಬಿಳಿ ಬಣ್ಣ ಬಳಿಯಿರಿ. ಪಡುವಣ ಬದಿಗೆ ಎರಡು ಅಡಿ ಬಿಟ್ಟು ಹಂದರ ಹಾಕಿ ಬಳ್ಳಿ ಹಬ್ಬಿಸಿ. ಕಣಕಿಯನ್ನು ಮಾತ್ರ ತಗಡಿಗೆ ತಾಗಿಸಿ ಬಣವೆ ಹಾಕಬೇಡಿ. ತೇವ, ಇಲಿ, ಬೆಂಕಿ, ಮೂರಕ್ಕೂ ಕರೆ ಕೊಟ್ಟಂತೆ.

ಗೋಡೆ ಕಡೆಗೆ. ಇಷ್ಟಾದ ಮೇಲೂ ಬೇಕೆನಿಸಿದರೆ, ತಗಡಿನಿಂದ ಎರಡು ಇಂಚು ಬಿಟ್ಟು ಒಳಗೆ ಬಾಕ್ಸ್ ಪೈಪಿನ ಚೌಕಟ್ಟು ನಿಲ್ಲಿಸಿ. ಅದಕ್ಕೆ ಥರ್ಮೋಕೋಲ್, ಅದರ ಒಳಮುಖಕ್ಕೆ ಫಾಯಿಲ್ ಹಾಳೆ, ಕೊನೆಗೆ ಸಿಮೆಂಟ್ ಬೋರ್ಡ್. ಹಾಳೆಯ ಪ್ರತಿ ಜೋಡಣೆಗೂ ಟೇಪ್ ಹಚ್ಚಲೇಬೇಕು. ಒಂದು ಬೆರಳಿನ ಸಂದು ಬಿಟ್ಟರೂ ಹಸಿ ಗಾಳಿ ಹಿಂದೆ ಹೋಗಿ ತಗಡಿಗೆ ತಾಗುತ್ತದೆ. ತಗಡಿನ ಹಿಂದಿನ ಆ ಎರಡು ಇಂಚಿನ ಸಂದಿಗೆ ಕೆಳಗೆ, ಮೇಲೆ ಹೊರಗಾಳಿ ಆಡಲು ಬಿಟ್ಟು, ಇಲಿ ಬಾರದಂತೆ ಜಾಳಿಗೆ ಹಾಕಿ. ಥರ್ಮೋಕೋಲನ್ನು ಬೋರ್ಡು ಇಲ್ಲದೆ ಬರಿಗೈಲಿ ಬಿಡಬೇಡಿ. ಅದು ಬೇಗ ಬೆಂಕಿ ಹಿಡಿಯುತ್ತದೆ, ಆದ್ದರಿಂದ ವೆಲ್ಡಿಂಗ್ ಎಲ್ಲಾ ಮುಗಿದ ಮೇಲೆಯೇ ಹಾಕಿಸಿ.

ಹಣ ಇಲ್ಲ ಅಂದ್ರ?

ಇಡೀ ಶೆಡ್ಡಿಗೆ ಇದೆಲ್ಲಾ ಮಾಡಿಸುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕೆ ಇದೆ? ನಾನೂ ಮಾಡಿಸಲಿಲ್ಲ. ಬುಡ, ಕಿಂಡಿ, ಬಿಳಿ ಬಣ್ಣ ಮುಗಿಸಿ, ಒಂದೇ ಒಂದು ಮೂಲೆಯನ್ನು ಹತ್ತು ಅಡಿ ಉದ್ದಗಲಕ್ಕೆ ಬೀಜದ ಕೋಣೆಯಾಗಿ ಮಾಡಿದೆ. ಪಂಪಿಗೂ ಪೈಪಿಗೂ ಥರ್ಮೋಕೋಲ್ ಯಾಕೆ ಬೇಕು? ತಂಪು ಬೇಕಾದದ್ದು ಬೀಜಕ್ಕೆ. ತೇವಾಂಶ ಶೇ. 1 ಇಳಿದರೆ ಬೀಜದ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ, ಉಷ್ಣತೆ 5 ಡಿಗ್ರಿ ಇಳಿದರೂ ಹಾಗೇ. ಬೀಜ ವಿಜ್ಞಾನದಲ್ಲಿ ಇದಕ್ಕೆ ಹ್ಯಾರಿಂಗ್ಟನ್ ನಿಯಮ ಎನ್ನುತ್ತಾರೆ.

ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಸೋಯಾ ಬೀಜದ ಸಿಪ್ಪೆ ತೆಳು, ನಾಲ್ಕೈದು ಚೀಲಕ್ಕಿಂತ ಎತ್ತರ ಒಟ್ಟಬೇಡಿ. ಗೊಬ್ಬರದ ಚೀಲ ಅದೇ ಕೋಣೆಯಲ್ಲಿ ಬೇಡ. ಯೂರಿಯಾ ತೇವ ಎಳೆಯುತ್ತದೆ, ಪೊಟ್ಯಾಷ್ ತಗಡನ್ನೇ ತಿನ್ನುತ್ತದೆ.

ಶೆಡ್ ಕಟ್ಟಿಸುವಾಗ ತಗಡು ಎಷ್ಟು ದಪ್ಪ, ಎಷ್ಟು ರೇಟು ಎಂದು ಎಲ್ಲರೂ ಕೇಳುತ್ತೇವೆ. ಒಳಗಿನ ನೀರು ಎಲ್ಲಿಂದ ಹೊರಗೆ ಹೋಗಬೇಕು ಎಂಬುದನ್ನೂ ಮಿಸ್ತ್ರಿಗೆ ಅವತ್ತೇ ಕೇಳಿ. ಆಮೇಲೆ ಕೇಳಿದವರಲ್ಲಿ ನಾನೂ ಒಬ್ಬ, ಅದರ ಬೆಲೆ ಬಿತ್ತನೆಯ ಹೊತ್ತಿನಲ್ಲಿ ಕಟ್ಟಿದ್ದೇನೆ.