ಕ್ಯಾಂಪಸ್ಸಿನ ವೇದಿಕೆ ಯಾರದು?

ಫೆಬ್ರವರಿ ತಿಂಗಳು ಕಾಲಿರಿಸಿತೆಂದರೆ ನಮ್ಮ ಪಟ್ಟಣಗಳ ಕಾಲೇಜು ಗೇಟುಗಳಲ್ಲಿ ಫ್ಲೆಕ್ಸ್‌ಗಳು ಮೇಲೇಳತೊಡಗುತ್ತವೆ. ಹೊಸ ಚಿತ್ರದ ಹಾಡು ಬಿಡುಗಡೆ, ನಟ ನಟಿಯರ ಆಗಮನ, ಹಿನ್ನೆಲೆ ಗಾಯಕರ ರಸಮಂಜರಿ, ನೃತ್ಯ ಸ್ಪರ್ಧೆ, ಕೊನೆಯ ರಾತ್ರಿ ಡಿಜೆ. ಇನ್ನು ಎರಡು ಮೂರು ತಿಂಗಳು ಇದರದ್ದೇ ಸದ್ದು. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ಕಳುಹಿಸಬೇಕೇ, ಬೇಡವೇ?

ಈ ಪ್ರಶ್ನೆಗೆ ನಮ್ಮ ಹೆಚ್ಚಿನ ಹೆತ್ತವರ ಬಳಿ ಎರಡೇ ಉತ್ತರಗಳಿವೆ. ಮಗಳಾದರೆ "ಬೇಡ". ಮಗನಾದರೆ "ಬೇಗ ಬಾ". ಎರಡನ್ನೂ ಹೇಳಲು ಅರ್ಧ ನಿಮಿಷ ಸಾಕು. ಆದರೆ ಆ ಕಾರ್ಯಕ್ರಮವನ್ನು ಯಾರು ನಡೆಸುತ್ತಾರೆ, ಎಷ್ಟು ಮಂದಿ ಸೇರುತ್ತಾರೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಏನಾದರೂ ಆದರೆ ಹೊಣೆ ಯಾರದು ಎಂದು ಕಾಲೇಜನ್ನು ವಿಚಾರಿಸಿದ ಹೆತ್ತವರು ಎಷ್ಟು ಮಂದಿ ಇದ್ದಾರೆ?

ಸಂಗೀತ ಸಮ್ಮತವೋ ಅಸಮ್ಮತವೋ ಎಂಬ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವ ಉದ್ದೇಶವಿಲ್ಲ. ಅದು ಶತಮಾನಗಳಿಂದ ನಡೆದು ಬಂದಿರುವ ಚರ್ಚೆ. ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಅದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ಅದು ಅವರಿಗೇ ಇರಲಿ. ಕ್ಯಾಂಪಸ್ಸುಗಳಲ್ಲಿ ಸಂಭವಿಸುತ್ತಿರುವ ಸಾವು ಮತ್ತು ಅವಮಾನಗಳಂತೂ ಆ ಚರ್ಚೆ ಮುಗಿಯಲಿ ಎಂದು ಕಾಯುತ್ತಿಲ್ಲ.

2023ರ ನವೆಂಬರ್ 25ರ ಸಂಜೆಯನ್ನು ನೆನಪಿಸಿಕೊಳ್ಳಿ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಾಂತ್ರಿಕ ಉತ್ಸವ ನಡೆದಿತ್ತು. ಬಯಲು ರಂಗಮಂದಿರದಲ್ಲಿ ಪ್ರಸಿದ್ಧ ಗಾಯಕಿಯೊಬ್ಬರ ಕಾರ್ಯಕ್ರಮವಿತ್ತು. ಹಾಡು ಇನ್ನೂ ಆರಂಭವಾಗಿರಲಿಲ್ಲ. ಹಠಾತ್ತನೆ ಮಳೆ ಸುರಿಯಿತು. ಹೊರಗೆ ಕಾಯುತ್ತಿದ್ದವರು ಆಸರೆಗಾಗಿ ಒಳನುಗ್ಗಿದರು. ದ್ವಾರದ ಒಳಗೆ ಕೆಳಗಿಳಿಯುವ ಕಡಿದಾದ ಮೆಟ್ಟಿಲುಗಳು. ಮುಂದಿದ್ದವರು ಬಿದ್ದರು, ಹಿಂದಿದ್ದವರು ಅವರ ಮೇಲೆ ಬಿದ್ದರು. ನಾಲ್ವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಮೂವರು ಅಲ್ಲಿಯದೇ ವಿದ್ಯಾರ್ಥಿಗಳು, ಒಬ್ಬ ಹೊರಗಿನಿಂದ ಬಂದ ಯುವಕ. ಬಂದೋಬಸ್ತು ಕೋರಿ ಪ್ರಾಂಶುಪಾಲರು ಕುಲಸಚಿವರಿಗೆ ಬರೆದಿದ್ದ ಪತ್ರವೊಂದು ಆಮೇಲೆ ಬೆಳಕಿಗೆ ಬಂತು. ಕಾಗದ ಬರೆಯಲಾಗಿತ್ತು, ಆದರೆ ಜನಸಂದಣಿಗೆ ತಕ್ಕ ಪೊಲೀಸರು ಸ್ಥಳದಲ್ಲಿರಲಿಲ್ಲ!

ಕೇರಳಕ್ಕೆ ಇದು ಮೊದಲ ಎಚ್ಚರಿಕೆಯಾಗಿರಲಿಲ್ಲ ಎಂಬುದು ಇನ್ನಷ್ಟು ನೋವಿನ ಸಂಗತಿ. 2015ರ ಆಗಸ್ಟ್‌ನಲ್ಲಿ ತಿರುವನಂತಪುರದ ಎಂಜಿನಿಯರಿಂಗ್ ಕಾಲೇಜಿನ ಓಣಂ ಆಚರಣೆಯ ವೇಳೆ ಜೀಪೊಂದು ವಿದ್ಯಾರ್ಥಿನಿಗೆ ಬಡಿದು ಆಕೆ ಮೃತಪಟ್ಟಿದ್ದಳು. ಆ ವರ್ಷವೇ ಸರಕಾರವು ಕ್ಯಾಂಪಸ್ ಆಚರಣೆಗಳಿಗೆ ನಿಯಮಗಳನ್ನು ರೂಪಿಸಿತು. ರಾತ್ರಿ 9ರೊಳಗೆ ಮುಗಿಯಬೇಕು, ಹೊರಗಿನ ಸಂಸ್ಥೆಗಳ ಡಿಜೆ ಮತ್ತಿತರ ವೃತ್ತಿಪರ ಕಾರ್ಯಕ್ರಮಗಳಿಗೆ ಕಡಿವಾಣವಿರಬೇಕು ಎಂದಿತು. ಎಂಟು ವರ್ಷಗಳಲ್ಲಿ ಆ ಆದೇಶ ಕಡತದಲ್ಲಿ ನಿದ್ರಿಸುತ್ತಿತ್ತು.

ಕೊಲ್ಕತ್ತಾದ ಘಟನೆಯನ್ನು ಎಲ್ಲರೂ ಬಲ್ಲರು. 2022ರ ಮೇ 31ರಂದು ಅಲ್ಲಿನ ಕಾಲೇಜೊಂದರ ಉತ್ಸವಕ್ಕಾಗಿ ನಜ್ರುಲ್ ಮಂಚ್ ಸಭಾಂಗಣದಲ್ಲಿ ಹಾಡಿದ ಗಾಯಕ ಕೆ.ಕೆ. ಅದೇ ರಾತ್ರಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 53. ಸುಮಾರು ಎರಡೂವರೆ ಸಾವಿರ ಆಸನಗಳ ಆ ಸಭಾಂಗಣಕ್ಕೆ ಅದರ ಸಾಮರ್ಥ್ಯವನ್ನು ಮೀರಿ ಜನ ನುಗ್ಗಿದ್ದರು, ಸೆಖೆ ಅಸಹನೀಯವಾಗಿತ್ತು ಎಂಬ ದೂರುಗಳು ಬಂದವು. ಸಾವಿಗೆ ಅದೇ ಕಾರಣವೆಂದು ಹೇಳಲಾಗದು. ಆದರೆ ಬಾಗಿಲಲ್ಲಿ ಜನರನ್ನು ಎಣಿಸುವವರು ಯಾರೂ ಇರಲಿಲ್ಲ ಎಂಬುದಂತೂ ಸ್ಪಷ್ಟ.

ದೆಹಲಿಯದ್ದು ಬೇರೆಯೇ ಕಥೆ. 2020ರ ಫೆಬ್ರವರಿ 6ರಂದು ಗಾರ್ಗಿ ಮಹಿಳಾ ಕಾಲೇಜಿನ ಉತ್ಸವದ ಸಂಗೀತ ಸಂಜೆಗೆ ಹೊರಗಿನ ಪುರುಷರು ಗುಂಪುಗುಂಪಾಗಿ ನುಗ್ಗಿದರು. ವಿದ್ಯಾರ್ಥಿನಿಯರ ಮೇಲೆ ಕೈ ಹಾಕಿದರು, ಹೊರಗೆ ಹೋಗುವ ದಾರಿಯಲ್ಲಿ ಹಿಂಬಾಲಿಸಿದರು. ಪ್ರಕರಣ ದಾಖಲಾಗಿದ್ದು ವಿದ್ಯಾರ್ಥಿನಿಯರೇ ಜಾಲತಾಣಗಳಲ್ಲಿ ತಮ್ಮ ಅನುಭವ ಬರೆದು, ಪ್ರತಿಭಟನೆಗೆ ಇಳಿದ ಮೇಲೆ. ಮೂರು ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ, ಅದೇ ನಗರದ ಇಂದ್ರಪ್ರಸ್ಥ ಮಹಿಳಾ ಕಾಲೇಜಿನ ಗೋಡೆ ಹಾರಿ ಪುರುಷರು ಒಳಬಂದರು. ಆಗಲೂ ಉತ್ಸವವೇ ನಡೆಯುತ್ತಿತ್ತು.

ಈ ಘಟನೆಗಳಲ್ಲಿ ಹಾಡು ಕೇಳಲು ಬಂದ ಹುಡುಗಿಯರನ್ನು ದೂರುವವರು ನಮ್ಮ ನಡುವೆಯೂ ಇದ್ದಾರೆ. "ಅವರೇಕೆ ಅಲ್ಲಿಗೆ ಹೋಗಬೇಕಿತ್ತು?" ಎನ್ನುತ್ತಾರೆ. ತಮ್ಮದೇ ಕಾಲೇಜಿನ ಅಂಗಳಕ್ಕೆ ಹೋದುದು ಅಪರಾಧವಾಗುವುದಾದರೆ ಗೋಡೆ ಹಾರಿದುದಕ್ಕೆ ಏನೆನ್ನಬೇಕು?

ದೋಷ ಎಲ್ಲಿದೆ ಎಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಾಲೇಜು ಉತ್ಸವವು ವಿದ್ಯಾರ್ಥಿಗಳ ಕೈತಪ್ಪಿ ಹೋಗಿದೆ. ಹಾಡುವವನು ಬಾಡಿಗೆಗೆ ಬಂದವನು, ಧ್ವನಿ ಬೆಳಕು ಗುತ್ತಿಗೆದಾರನದ್ದು, ಹಣ ಪ್ರಾಯೋಜಕನದ್ದು. ಅವನಿಗೆ ಬೇಕಾಗಿರುವುದು ತಲೆಗಳ ಸಂಖ್ಯೆ. ತರಗತಿಯ ಗೆಳತಿ ಹಾಡುತ್ತಾಳೆಂದರೆ ಊರಿಡೀ ಗೇಟಿಗೆ ಬಂದು ನಿಲ್ಲುವುದಿಲ್ಲ. ಸಿನಿಮಾ ತಾರೆ ಬರುತ್ತಾರೆಂದರೆ ನಿಲ್ಲುತ್ತದೆ. ವಿದ್ಯಾರ್ಥಿಯ ಪಾಲಿಗೆ ಉಳಿದಿರುವುದು ಪಾಸ್ ಖರೀದಿಸಿ ಗುಂಪಿನಲ್ಲಿ ನಿಂತು ಮೊಬೈಲ್ ಎತ್ತಿ ಹಿಡಿಯುವ ಕೆಲಸ ಮಾತ್ರ.

ಸ್ವತಂತ್ರ ಭಾರತದಲ್ಲಿ ಈ ಉತ್ಸವಗಳು ಹೀಗೆ ಆರಂಭವಾಗಿರಲಿಲ್ಲ. ಮೌಲಾನಾ ಅಬುಲ್ ಕಲಾಂ ಆಝಾದ್ ಅವರು ಶಿಕ್ಷಣ ಸಚಿವರಾಗಿದ್ದ ಕಾಲದಲ್ಲೇ, 1954ರಲ್ಲಿ, ದೆಹಲಿಯಲ್ಲಿ ಮೊದಲ ಅಂತರ ವಿಶ್ವವಿದ್ಯಾನಿಲಯ ಯುವಜನೋತ್ಸವ ನಡೆಯಿತು. ಸಂಗೀತ ನಾಟಕ, ಸಾಹಿತ್ಯ ಮತ್ತು ಲಲಿತಕಲಾ ಅಕಾಡೆಮಿಗಳು ತಲೆಯೆತ್ತಿದ್ದೂ ಅವರ ಅವಧಿಯಲ್ಲೇ. ಅವರು ಕುರ್‌ಆನಿನ ವ್ಯಾಖ್ಯಾನಕಾರರು, ಹಾಗೆಯೇ ಯೌವನದಲ್ಲಿ ಸಿತಾರ್ ಕಲಿತವರು. ಅಹ್ಮದ್‌ನಗರ ಕೋಟೆಯ ಸೆರೆವಾಸದಲ್ಲಿ ಬರೆದ 'ಗುಬಾರೆ ಖಾತಿರ್'ನ ಪತ್ರವೊಂದರಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ನಡೆಸುವ ಯುವಜನೋತ್ಸವದ ನಿಯಮಗಳನ್ನು ಓದಿದವರಿಗೆ ಅಚ್ಚರಿಯಾದೀತು. ಅಲ್ಲಿನ ಸುಗಮ ಸಂಗೀತ ಸ್ಪರ್ಧೆಯಲ್ಲಿ ಸಿನಿಮಾ ಹಾಡುಗಳಿಗೆ ಅವಕಾಶವಿಲ್ಲ. ಗಝಲ್, ಭಜನೆ, ಶಬದ್, ಅಭಂಗ ಮುಂತಾದವನ್ನು ಹಾಡಬಹುದು. ಹುಡುಗನೊಬ್ಬ ಗಝಲ್ ಹಾಡಿ ಇಳಿದರೆ ಮತ್ತೊಬ್ಬಳು ಅಭಂಗ ಹಾಡಲು ಏರುತ್ತಾಳೆ. ಎಲ್ಲರೂ ವಿದ್ಯಾರ್ಥಿಗಳೇ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದವರೇ. ಅಲ್ಲಿ ಕಾಲ್ತುಳಿತ ನಡೆಯುವಷ್ಟು ಜನ ಸೇರುವುದಿಲ್ಲ, ನಿಜ. ಅದನ್ನು ಕೊರತೆ ಎಂದು ಭಾವಿಸಬೇಕಾಗಿಲ್ಲ.

ಕರ್ನಾಟಕದ ಶಾಲೆಗಳ ಪ್ರತಿಭಾ ಕಾರಂಜಿಯಲ್ಲಿ ಕವ್ವಾಲಿ ಇದೆ, ಅರೇಬಿಕ್ ಪಠಣವೂ ಇದೆ. ಕೇರಳದ ಶಾಲಾ ಕಲೋತ್ಸವ 1957ರಿಂದ ನಡೆದು ಬಂದಿದೆ. ಒಪ್ಪನ, ದಫ್, ಕೋಲ್ಕಳಿಗಳು ಅಲ್ಲಿ ಭರತನಾಟ್ಯ, ಕಥಕ್ಕಳಿಗಳ ಜೊತೆಗೇ ಸ್ಪರ್ಧೆಯ ವಿಷಯಗಳಾಗಿವೆ. ಎಲ್ಲ ಸಮುದಾಯಗಳ ಮಕ್ಕಳೂ ಒಪ್ಪನ ಕಲಿತು ಪ್ರದರ್ಶಿಸುತ್ತಾರೆ. ಹತ್ತನೆಯ ತರಗತಿಯವರೆಗೆ ಕವ್ವಾಲಿ ಹಾಡಿ ಬಹುಮಾನ ಗೆದ್ದ ನಮ್ಮ ಬಾಲಕನಿಗೆ ಕಾಲೇಜು ಸೇರಿದ ಮೇಲೆ ಯಾವ ವೇದಿಕೆ ಇದೆ? ಸಮುದಾಯವೇ ನಡೆಸುವ ಕಾಲೇಜುಗಳಾದರೂ ಅವನನ್ನು ಹುಡುಕಿವೆಯೇ?

ಸಿನಿಮಾದ ವಿಚಾರವೂ ಅಷ್ಟೇ. ಕ್ಯಾಂಪಸ್ಸಿನಲ್ಲಿ ಸಿನಿಮಾ ಎಂದರೆ ಇಂದು ಹೊಸ ಚಿತ್ರದ ಪ್ರಚಾರ ತಂಡ ಬಂದು ನಾಲ್ಕು ಹೆಜ್ಜೆ ಕುಣಿದು ಹೋಗುವುದು ಎಂಬಂತಾಗಿದೆ. ಹೆಗ್ಗೋಡಿನಂತಹ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಮೂಲಕ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತರಿಸಿ, ರೈತರ ಮುಂದೆ ತೋರಿಸಿ, ಅವುಗಳ ಕುರಿತು ಚರ್ಚೆ ನಡೆಸಿದ ನಾಡು ಇದು. ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಇಂಗ್ಲಿಷ್ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಅವರ 'ಕರಿನಾಗರಗಳು' ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 2004ರಲ್ಲೇ 'ಹಸೀನಾ' ನಿರ್ಮಿಸಿದ್ದರು. ಅದರ ಅಭಿನಯಕ್ಕಾಗಿ ತಾರಾ ರಾಷ್ಟ್ರಪ್ರಶಸ್ತಿ ಪಡೆದರು. ಕಡಲತಡಿಯ ಮುಸ್ಲಿಮ್ ಸೂಲಗಿತ್ತಿಯ ಬದುಕನ್ನು ಹೇಳುವ 'ಗುಲಾಬಿ ಟಾಕೀಸ್' ಕೂಡ ಕಾಸರವಳ್ಳಿಯವರದ್ದೇ. ಬ್ಯಾರಿ ಭಾಷೆಯ 'ಬ್ಯಾರಿ' ಚಿತ್ರ 2011ರ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿ ಚಿತ್ರದೊಂದಿಗೆ ಹಂಚಿಕೊಂಡಿತು. ಈ ಚಿತ್ರಗಳು ನಮಗೆ ಇರಿಸುಮುರಿಸು ಉಂಟುಮಾಡಬಹುದು. ಮಾಡಲಿ. ತಲಾಕ್‌ನ ದುರುಪಯೋಗವನ್ನು ಮಕ್ಕಳು ಚಿತ್ರದಲ್ಲಿ ಕಂಡು ಅಧ್ಯಾಪಕರೊಡನೆ ಚರ್ಚಿಸುವುದು ಐಟಂ ಹಾಡಿಗೆ ಶಿಳ್ಳೆ ಹೊಡೆಯುವುದಕ್ಕಿಂತ ಕೆಟ್ಟದ್ದೇನೂ ಅಲ್ಲ.

ಐಟಂ ಹಾಡಿನ ಮಾತು ಬಂದಾಗ 2022ರ ಡಿಸೆಂಬರ್ ನೆನಪಾಗುತ್ತದೆ. ಮಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿ ಸಂಘದ ಕಾರ್ಯಕ್ರಮದಲ್ಲಿ ನಾಲ್ವರು ಹುಡುಗರು ಬುರ್ಖಾ ಧರಿಸಿ ಹಿಂದಿ ಐಟಂ ಹಾಡಿಗೆ ಕುಣಿದರು. ವೀಡಿಯೊ ಎಲ್ಲೆಡೆ ಹರಡಿತು. ಸಹಜವಾಗಿಯೇ ನಮ್ಮವರು ಕೆರಳಿದರು, ಕೋಮುವಾದಿಗಳ ಕೃತ್ಯವೆಂದು ಹಲವರು ತೀರ್ಮಾನಿಸಿಯೂ ಬಿಟ್ಟರು. ಆದರೆ ಕುಣಿದವರು ಮುಸ್ಲಿಮ್ ಹುಡುಗರೇ ಎಂದು ಕಾಲೇಜು ಸ್ಪಷ್ಟಪಡಿಸಿತು. ಅದು ಅನುಮತಿ ಪಡೆದ ಕಾರ್ಯಕ್ರಮವಾಗಿರಲಿಲ್ಲ ಎಂದೂ ಹೇಳಿ ನಾಲ್ವರನ್ನು ಅಮಾನತುಗೊಳಿಸಿತು. ಆ ವರ್ಷ ಯಾವುದೆಂದು ಗಮನಿಸಿ. ತಲೆವಸ್ತ್ರದ ಕಾರಣಕ್ಕೆ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತ ವರ್ಷ ಅದು. ಹಲವರು ಪರೀಕ್ಷೆಯನ್ನೇ ಬಿಟ್ಟ ವರ್ಷ. ಗೇಟಿನ ಹೊರಗೆ ತಂಗಿ ಅದೇ ಉಡುಪಿಗಾಗಿ ಕಣ್ಣೀರು ಹಾಕಿದ್ದಳು, ಒಳಗೆ ಅಣ್ಣ ಅದನ್ನು ತೊಟ್ಟು ನಗಿಸಲು ಹೊರಟಿದ್ದ. ಆ ಹುಡುಗರಲ್ಲಿ ದುರುದ್ದೇಶ ಇತ್ತೆನ್ನುವುದು ಕಷ್ಟ. ವೇದಿಕೆ ಸಿಕ್ಕಾಗ ಮಾಡಿ ತೋರಿಸಲು ಅವರ ಬಳಿ ಬೇರೇನೂ ಇರಲಿಲ್ಲ. ಮನೆಯಲ್ಲಾಗಲೀ ಮದ್ರಸದಲ್ಲಾಗಲೀ ಕಾಲೇಜಿನಲ್ಲಾಗಲೀ ಅವರಿಗೆ ಬೇರೇನನ್ನೂ ಯಾರೂ ಕಲಿಸಿರಲಿಲ್ಲ.

ಇಂತಹ ಸಂದರ್ಭಗಳಲ್ಲಿ ಬೀದಿಯ 'ಸಂಸ್ಕೃತಿ ರಕ್ಷಕರು' ಮುಂದೆ ಬರುತ್ತಾರೆ. 2009ರ ಜನವರಿ 24ರ ಪಬ್ ದಾಳಿ, 2012ರ ಜುಲೈ 28ರ ಹೋಂಸ್ಟೇ ದಾಳಿ, 2022ರ ಜುಲೈಯಲ್ಲಿ ವಿದ್ಯಾರ್ಥಿಗಳ ಬೀಳ್ಕೊಡುಗೆ ಕೂಟಕ್ಕೆ ಬಂದ ತಡೆ, ಇವೆಲ್ಲಾ ಮಂಗಳೂರು ಕಂಡ ಘಟನೆಗಳು. ಪಬ್ ದಾಳಿಯ ಆರೋಪಿಗಳು 2018ರಲ್ಲಿ, ಹೋಂಸ್ಟೇ ದಾಳಿಯ ಆರೋಪಿಗಳು 2024ರಲ್ಲಿ ಖುಲಾಸೆಗೊಂಡರು. ಕ್ಯಾಮರಾಗಳ ಮುಂದೆಯೇ ಹೆಣ್ಣುಮಕ್ಕಳಿಗೆ ಹೊಡೆದ ದೃಶ್ಯಗಳನ್ನು ದೇಶವೇ ನೋಡಿತ್ತು! ವಿಷಾದದ ಮಾತೆಂದರೆ, ಅನ್ಯ ಸಮುದಾಯದ ಸಹಪಾಠಿಯೊಡನೆ ಮಾತನಾಡಿದ ಹುಡುಗಿಯನ್ನು ಬಸ್ ನಿಲ್ದಾಣದಲ್ಲಿ ತಡೆದು ನಿಲ್ಲಿಸಿ, ಬುರ್ಖಾ ಸರಿಪಡಿಸಲು ಹೇಳಿ, ಅದನ್ನು ಚಿತ್ರೀಕರಿಸುವ ಯುವಕರು ನಮ್ಮ ಮೊಹಲ್ಲಾಗಳಲ್ಲೂ ಹುಟ್ಟಿಕೊಂಡಿದ್ದಾರೆ. ಉತ್ಸವದ ದಿನಗಳಲ್ಲಿ ಅವರ ಉತ್ಸಾಹ ಇಮ್ಮಡಿಯಾಗುತ್ತದೆ. ಹೆತ್ತವರು ಬಾಯಿ ತೆರೆಯದ ಜಾಗವನ್ನು ಇಂಥವರು ತುಂಬುತ್ತಾರೆ. ಇವರಿಗೆ ಜಮಾಅತ್‌ನ ಹಿರಿಯರು ಬುದ್ಧಿ ಹೇಳದಿದ್ದರೆ ನಾಳೆ ಇವರ ಪರವಾಗಿ ಠಾಣೆಯ ಮೆಟ್ಟಿಲು ಹತ್ತಬೇಕಾದವರೂ ಆ ಹಿರಿಯರೇ.

ಹೆತ್ತವರ ಕೈಯಲ್ಲಿ ಇರುವುದು ಒಂದು ಬಿಳಿಹಾಳೆ ಮತ್ತು ಪ್ರಶ್ನೆ ಕೇಳುವ ಹಕ್ಕು. ಉತ್ಸವಕ್ಕೆ ಮೂರು ವಾರಗಳ ಮೊದಲು ಹತ್ತು ಮಂದಿ ಪೋಷಕರು, ಎಲ್ಲ ಸಮುದಾಯದವರೂ ಸೇರಿ, ಪ್ರಾಂಶುಪಾಲರಿಗೆ ಪತ್ರ ಬರೆಯಲಿ. ಸಭಾಂಗಣ ಅಥವಾ ಮೈದಾನದ ಸಾಮರ್ಥ್ಯ ಎಷ್ಟು, ಎಷ್ಟು ಪಾಸ್‌ಗಳನ್ನು ಮುದ್ರಿಸಲಾಗಿದೆ? ಹೊರಗಿನವರಿಗೆ ಪ್ರವೇಶ ಇದೆಯೇ? ಒಳಬರುವ ಮತ್ತು ಹೊರಹೋಗುವ ದಾರಿಗಳು ಬೇರೆ ಬೇರೆಯೇ? ಪೊಲೀಸರಿಗೂ ಅಗ್ನಿಶಾಮಕ ಠಾಣೆಗೂ ತಿಳಿಸಲಾಗಿದೆಯೇ? ಪ್ರವೇಶದ ವೇಳೆ ಸಾಂಸ್ಕೃತಿಕ ಚಟುವಟಿಕೆಯ ಹೆಸರಿನಲ್ಲಿ ಶುಲ್ಕ ಪಡೆದಿದ್ದರೆ ಅದರಲ್ಲಿ ವಿದ್ಯಾರ್ಥಿಗಳ ತರಬೇತಿಗೆ ಎಷ್ಟು, ಬಾಡಿಗೆಯ ತಾರೆಗೆ ಎಷ್ಟು? 2025ರ ಜೂನ್ 4ರಂದು ಬೆಂಗಳೂರಿನ ಕ್ರಿಕೆಟ್ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದುದನ್ನು ಕಂಡ ರಾಜ್ಯದಲ್ಲಿ ಈ ಪ್ರಶ್ನೆಗಳನ್ನು ಅತಿರೇಕವೆಂದು ಯಾವ ಪ್ರಾಂಶುಪಾಲರೂ ಹೇಳಲಾರರು.

ಸಮಯದ ಕುರಿತಾಗಿಯೂ ಕೇಳಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವಿಶೇಷ ಸಂದರ್ಭಗಳಲ್ಲಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ನೀಡುವ ಅಧಿಕಾರ ಸರಕಾರಕ್ಕಿದೆ. ಮಸೀದಿಯ ಮೈಕಿನ ವಿಚಾರದಲ್ಲಿ ಈ ನಿಯಮವನ್ನು ನಮಗೆ ಎಷ್ಟೋ ಬಾರಿ ಓದಿ ಹೇಳಲಾಗಿದೆ, ನಾವು ಅದನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ. ಡಿಜೆಯ ಪೆಟ್ಟಿಗೆಗಳಿಗೂ ಅದೇ ನಿಯಮ ಅನ್ವಯಿಸುತ್ತದೆ. ಹಾಸ್ಟೆಲಿನಲ್ಲಿ ಇಲ್ಲದ, ಹತ್ತಿಪ್ಪತ್ತು ಕಿಲೋಮೀಟರ್ ದೂರದಿಂದ ಬರುವ ಹುಡುಗಿಯರಿಗೆ ಕೊನೆಯ ಬಸ್ ಎಷ್ಟು ಗಂಟೆಗೆ ಎಂದು ನೋಡಿ ಕಾರ್ಯಕ್ರಮದ ಸಮಯವನ್ನು ನಿಗದಿಪಡಿಸಲು ಹೇಳಿ. ಅದಾಗದಿದ್ದರೆ ಕಾಲೇಜಿನ ಬಸ್ಸಿನಲ್ಲೇ ಮನೆ ತಲುಪಿಸಲಿ.

ಇವುಗಳಿಗೆ ಲಿಖಿತ ಉತ್ತರ ಕೊಡುವ ಕಾಲೇಜಿಗೆ ಮಗಳನ್ನೂ ಕಳುಹಿಸಿ, ಸಾಧ್ಯವಾದರೆ ನೀವೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಉತ್ತರ ಬಾರದಿದ್ದಲ್ಲಿ ಅದೇ ಪತ್ರದ ಪ್ರತಿಯನ್ನು ವಿಶ್ವವಿದ್ಯಾನಿಲಯದ ಕುಲಸಚಿವರಿಗೂ ಊರಿನ ಪೊಲೀಸ್ ಠಾಣೆಗೂ ತಲುಪಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಮಗನಿಗೂ ಪಾಸ್‌ನ ಹಣ ಕೊಡುವ ಅಗತ್ಯವಿಲ್ಲ.